ಉಪ್ಪುನೀರಿನವಳು

ನನ್ನ ಮೈದುನನಿಗೆ ಬೀದಿಯವರು ಇಟ್ಟ ಹೆಸರು ಇಲಿಯಪ್ಪ. ಅವರು ಗೇಲಿಗೆ ಇಟ್ಟರು, ಅವನು ಬಿರುದಿನ ಹಾಗೆ ಹೊತ್ತುಕೊಂಡ. ಕ್ಯಾನ್ಸರ್ ಮೈಯಲ್ಲಿ ಹೇಗೆ ಹರಡುತ್ತದೆ, ಅದನ್ನು ಹೇಗೆ ತಡೆಯಬಹುದು ಎಂದು ಹುಡುಕುವ ಸಂಸ್ಥೆಯೊಂದರಲ್ಲಿ ಅವನು ಇಲಿಮನೆಯ ಮೇಸ್ತ್ರಿ. ಅಲ್ಲಿಗೆ ಹೋಗಬೇಕಾದರೆ ಎರಡು ಬಾಗಿಲು ದಾಟಿ, ಸ್ನಾನ ಮಾಡಿ, ತಲೆಗೂ ಕಾಲಿಗೂ ಚೀಲ ಕಟ್ಟಿಕೊಳ್ಳಬೇಕು. ಒಳಗೆ ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಪೆಟ್ಟಿಗೆಗಳು, ಒಂದೊಂದರಲ್ಲೂ ಮರದ ಹೊಟ್ಟಿನ ಮೇಲೆ ನಾಲ್ಕೈದು ಕಪ್ಪು ಇಲಿಗಳು. ಇಲಿಯನ್ನು ಎತ್ತುವಾಗ ಅವನ ಕೈ ಹೂವೆತ್ತುವ ಕೈ ಎಂದು ಜೊತೆಯವರು ಹೇಳುತ್ತಿದ್ದರು. ಮನೆಯಲ್ಲಿ ಆ ಕೈಯನ್ನು ನಾವು ಕಂಡಿರಲಿಲ್ಲ.

ನನ್ನ ಗಂಡ ಹೋದ ಮೇಲೆ ನಾನು ಇವರ ಜೊತೆಗೇ ಉಳಿದುಕೊಂಡೆ. ಮೈದುನ, ಅವನ ಹೆಂಡತಿ, ನಾನು, ಮೂರೇ ಜನ. ಊಟಕ್ಕೆ ಕೂತರೆ ಅವನದು ಇಲಿಯದೇ ಮಾತು.

"ಬಾಲದ ನರಕ್ಕೆ ಕ್ಯಾನ್ಸರ್ ಕಣ ಬಿಡ್ತೀವಿ ಅತ್ತಿಗೆ. ರಕ್ತದಲ್ಲಿ ತೇಲ್ಕೊಂಡು ಹೋಗ್ತವೆ. ಹೆಚ್ಚಿನವು ದಾರೀಲೇ ಸಾಯ್ತವೆ. ಹಟಮಾರಿ ಒಂದೆರಡು ಇರ್ತವಲ್ಲ, ಅವು ಶ್ವಾಸಕೋಶದಲ್ಲೋ ಮೂಳೇಲೋ ಜಾಗ ಹಿಡೀತವೆ. ಬಾಡಿಗೆಗೆ ಬಂದೋನು ಮನೇನೇ ಬರೆಸ್ಕೊಂಡ ಹಾಗೆ."

"ಅನ್ನ ತಿನ್ನೋವಾಗ ಬೇರೆ ಕಥೆ ಇಲ್ವೇನ್ರೀ ನಿಮಗೆ?" ಎಂದು ಅವನ ಹೆಂಡತಿ ತಟ್ಟೆ ಸರಿಸುವಳು.

"ನಿನಗೆ ಯಾವ ಕಥೆ ಬೇಕು? ಕನ್ನಡಕದ ಅಂಗಡೀಲಿ ಯಾವ ಕುರುಡ ನಿನ್ನ ನೋಡಿ ನಕ್ಕ ಅನ್ನೋದಾ?"

ನನ್ನ ಓರಗಿತ್ತಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಸುತ್ತಲೂ ಕನ್ನಡಿ. ಬಂದವರ ಮೂಗಿಗೆ ಒಂದೊಂದೇ ಫ್ರೇಮ್ ಏರಿಸಿ, "ಇದು ನಿಮಗೆ ಹೇಳಿ ಮಾಡಿಸಿದ ಹಾಗಿದೆ" ಎನ್ನುವುದೇ ಅವಳ ಕೆಲಸ. ಅವಳಿಗೆ ನಾಲಿಗೆಯೂ ಚುರುಕು, ಅಲಂಕಾರವೂ ಇಷ್ಟ. ಸೊಂಟ ಮುಟ್ಟುವ ಕರಿ ಜಡೆ. ಅದಕ್ಕೆ ಅವಳು ಬಣ್ಣ ಹಚ್ಚುತ್ತಾಳೆಂದು ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ಅಂಗಡಿಯ ಹಿಂದಿನ ಬಚ್ಚಲಲ್ಲಿ ಹಚ್ಚಿಕೊಂಡು, ತೊಳೆದುಕೊಂಡು ಬರುತ್ತಿದ್ದಳು. ಕಿವಿಯ ಹಿಂದೆ ಕಪ್ಪು ಕಲೆ ಉಳಿದಿರುತ್ತಿತ್ತು. ಇಲಿಯಪ್ಪನ ತಲೆ ಮದುವೆಯ ಹೊತ್ತಿಗೇ ಬೋಳು. ಬೋಳನಿಗೆ ಬಾಚಣಿಗೆಯ ಸಂಗತಿ ಎಲ್ಲಿಂದ ಗೊತ್ತಾಗಬೇಕು?

ಒಂದು ಸಲ ಅವನು ಹೊಸ ಔಷಧಿಯ ಸುದ್ದಿ ತಂದ. ಗಡ್ಡೆಯನ್ನು ಅದು ಕರಗಿಸುವುದಿಲ್ಲವಂತೆ. ಗಡ್ಡೆಯಿಂದ ಹೊರಟ ಕಣ ಇನ್ನೊಂದು ಕಡೆ ಬೇರು ಬಿಡದ ಹಾಗೆ ನೋಡಿಕೊಳ್ಳುತ್ತದಂತೆ. ಅರ್ಧ ಇಲಿಗಳಿಗೆ ಔಷಧಿ, ಉಳಿದರ್ಧಕ್ಕೆ ಬರೀ ಉಪ್ಪುನೀರು.

"ಉಪ್ಪುನೀರು ಯಾಕಪ್ಪ? ಅವೂ ಜೀವ ಅಲ್ವಾ?" ಎಂದೆ ನಾನು.

"ಹೋಲಿಸಬೇಡವಾ ಅತ್ತಿಗೆ? ಉಪ್ಪುನೀರಿನವು ಸತ್ತರೆ ತಾನೆ ಔಷಧಿಯವು ಬದುಕಿದ್ದು ಗೊತ್ತಾಗೋದು? ಅವುಗಳ ಕೆಲಸವೇ ಅದು, ಸಾಯೋದು. ಅವಕ್ಕೆ ನಾವು ಮನಸ್ಸು ಕೊಡಲ್ಲ. ಹೊಟ್ಟು ಬದಲಾಯಿಸ್ತೀವಿ, ನೀರಿಡ್ತೀವಿ, ಅಷ್ಟೇ."

ಔಷಧಿ ತಿಂದ ಇಲಿಗಳಲ್ಲಿ ಒಂದು ವಿಚಿತ್ರ ಕಂಡಿತ್ತು. ಒಳಗೇನಾಗಿದೆ ಎಂದು ನೋಡಲು ಇಲಿಯ ಪಕ್ಕೆಯ ಕೂದಲು ಬೋಳಿಸುತ್ತಾರೆ. ಅಲ್ಲಿ ಮತ್ತೆ ಕೂದಲು ಬರುವಾಗ ಬೆಳ್ಳಗೆ ಬಂತಂತೆ. ಉಪ್ಪುನೀರಿನವಕ್ಕೆ ಮೊದಲಿನ ಹಾಗೆ ಕಪ್ಪು. ಪೆಟ್ಟಿಗೆಯ ಮೇಲಿನ ಚೀಟಿ ಓದುವುದೇ ಬೇಡ, ಪಕ್ಕೆ ನೋಡಿದರೆ ಸಾಕು, ಯಾವುದು ಉಳಿಯುವುದು ಯಾವುದು ಹೋಗುವುದು ಎಂದು ಹೇಳಬಹುದಂತೆ.

"ಹರಡಿದ್ದು ಕಂಡ್ರೆ ಏನ್ಮಾಡ್ತೀರಿ?" ಎಂದು ಓರಗಿತ್ತಿ ಕೇಳಿದಳು.

"ಆವತ್ತೇ ಮುಗಿಸ್ತೀವಿ. ಬೆನ್ನು ಗೂನಾದ್ರೆ, ಮೂಲೆ ಹಿಡಿದು ಕೂತ್ರೆ, ಅದೂ ಅಷ್ಟೇ. ನರಳೋಕೆ ಬಿಟ್ರೆ ಮೇಲಿನವರು ಬಂದು ಉಗೀತಾರೆ. ಒಂದು ಡಬ್ಬಿ ಇದೆ, ಗಾಳಿ ಬಿಡ್ತೀವಿ, ನಿದ್ದೆ ಹೋದ ಹಾಗೆ ಹೋಗ್ತವೆ." ಅವನು ಮಜ್ಜಿಗೆ ಕುಡಿದು ಲೋಟ ಇಟ್ಟ. "ಔಷಧಿಯಿಂದ ಉಳಿದವನ್ನೂ ಕೊನೇಲಿ ಕೊಯ್ದು ನೋಡ್ತೀವಿ. ಪರೀಕ್ಷೆಯಿಂದ ಜೀವಂತ ಆಚೆ ಬಂದ ಇಲೀನ ನನ್ನ ಸರ್ವೀಸಲ್ಲೇ ನೋಡಿಲ್ಲ."

"ಬೆಟ್ಟ ಅಗೆದು ಇಲಿ ಹಿಡಿದರು ಅಂತಾರಲ್ಲ, ನಮ್ಮಪ್ಪ ನನಗೆ ಹುಡುಕಿದ್ದು ಹಾಗೇ ಆಯ್ತು," ಎಂದಳು ಅವಳು. ನಾವು ಮೂವರೂ ನಕ್ಕೆವು. ಆಗ ಅವಳ ಮೈಯಲ್ಲಿ ಏನೂ ಇರಲಿಲ್ಲ. ಇದ್ದರೂ ಗೊತ್ತಿರಲಿಲ್ಲ.

ಗೊತ್ತಾದದ್ದು ಅದರ ಮುಂದಿನ ವರ್ಷ. ಎಡ ಎದೆಯಲ್ಲಿ ಗಂಟು. ಕೊಯ್ದು ತೆಗೆದರು. ಆಮೇಲೆ ಸೂಜಿಯಲ್ಲಿ ಮದ್ದು ಏರಿಸಿದರು, ಸೊಂಟದ ಜಡೆ ದಿಂಬಿನ ಮೇಲೆ ಕಂತೆ ಕಂತೆಯಾಗಿ ಉದುರಿತು. ಅವಳು ಅತ್ತದ್ದು ಎದೆಗಲ್ಲ, ಜಡೆಗೆ. ಇಲಿಯಪ್ಪ ಬಾಗಿಲಲ್ಲಿ ನಿಂತು, "ಈಗ ಸರಿಜೋಡಿ ಆದ್ವಿ ನೋಡು. ಬಾಚಣಿಗೆ ಮಾರಿಬಿಡೋಣ," ಎಂದ. ಅವಳು ಚೊಂಬು ಎಸೆದಳು. ಅದು ಅವನಿಗೆ ತಗಲಲಿಲ್ಲ, ಗೋಡೆಗೆ ತಗಲಿತು. ಆ ಗುಳಿ ಈಗಲೂ ಇದೆ.

ಮದ್ದು ಮುಗಿಸಿ ಫೋಟೋ ತೆಗೆಸಿದರೆ ಶ್ವಾಸಕೋಶದಲ್ಲಿ ಒಂದೆರಡು ಚುಕ್ಕೆ. ಹಟಮಾರಿಗಳು ಮನೆ ಬರೆಸಿಕೊಂಡಿದ್ದವು.

ಅದೇ ಹೊತ್ತಿಗೆ ಆ ಔಷಧಿಯನ್ನು ಮನುಷ್ಯರ ಮೇಲೆ ಪರೀಕ್ಷಿಸಲು ಹೊರಟಿದ್ದರು. ಸಂಸ್ಥೆಯ ಪಕ್ಕದಲ್ಲೇ ಆಸ್ಪತ್ರೆ. ಇಲಿಯಪ್ಪ ಓಡಾಡಿ ಅವಳ ಹೆಸರು ಸೇರಿಸಿದ. ಮೂವರೂ ಹೋದೆವು. ಡಾಕ್ಟರಮ್ಮ ಸಣ್ಣ ವಯಸ್ಸಿನವಳು, ಮಾತು ಮೆಲ್ಲಗೆ. ಅರ್ಧ ಜನರಿಗೆ ಔಷಧಿಯ ಮಾತ್ರೆ, ಇನ್ನರ್ಧಕ್ಕೆ ನೋಡಲು ಅದೇ ಥರದ, ಒಳಗೆ ಔಷಧಿಯಿಲ್ಲದ ಮಾತ್ರೆ, ಯಾರಿಗೆ ಯಾವುದೆಂದು ತನಗೂ ತಿಳಿಯದು ಎಂದಳು.

"ಗೊತ್ತು ಬಿಡಿ ಮೇಡಂ. ಇಲಿಗೆ ಕೊಟ್ಟೋನೇ ನಾನು."

"ಪ್ರತಿ ಸಲ ಬಂದಾಗ ನೋವು, ಸುಸ್ತು, ಏನಿದ್ರೂ ಹೇಳಬೇಕು. ಮಧ್ಯದಲ್ಲಿ ಕಾಯಿಲೆ ಇನ್ನೊಂದು ಕಡೆಗೂ ಹರಡಿದ್ದು ಕಂಡ್ರೆ ನಾವು..."

"ಅಲ್ಲಿಗೆ ಕಥೆ ಮುಗೀತು. ಗೊತ್ತು ಮೇಡಂ, ದಿನಾ ಮಾಡೋ ಕೆಲಸ."

"ಹಾಗಲ್ಲ, ಕೇಳಿಸಿಕೊಳ್ಳಿ..." ಎಂದು ಅವಳು ಶುರುಮಾಡುವಷ್ಟರಲ್ಲಿ ಫೋನ್ ಬಂತು. ನರ್ಸಮ್ಮ ವಿವರವಾಗಿ ಹೇಳುತ್ತಾರೆ ಎಂದು ಸನ್ನೆ ಮಾಡಿ ಎದ್ದು ಹೋದಳು. ನರ್ಸಮ್ಮ ಬಂದು ಬಾಯಿ ತೆರೆದರೆ ಇಲಿಯಪ್ಪ ಅವಳಿಗೇ ಪಾಠ ಶುರುಮಾಡಿದ. ಯಾವ ಇಲಿಗೆ ಎಷ್ಟು ಕೊಟ್ಟೆ, ಹೇಗೆ ಕೊಟ್ಟೆ ಎಂದು. "ಇವಳಿಗೆ ಉಳಿದದ್ದು ಮನೇಲಿ ನಾನು ಹೇಳ್ತೀನಿ ಸಿಸ್ಟರ್. ನಾವು ನಾವು ಒಂದೇ ಇಲಾಖೆ." ಹೊರಗೆ ಜನ ಕಾಯುತ್ತಿದ್ದರು. ನರ್ಸಮ್ಮ ಮೇಲೆ ಮೇಲೆ ಹೇಳಿ ಸಹಿ ಹಾಕಿಸಿಕೊಂಡಳು. ಓರಗಿತ್ತಿ ಬೋಳುತಲೆಗೆ ಕಟ್ಟಿದ್ದ ಬಟ್ಟೆಯನ್ನು ಕಪಾಟಿನ ಗಾಜಿನಲ್ಲಿ ನೋಡಿಕೊಂಡು ಸರಿಮಾಡಿಕೊಳ್ಳುತ್ತಿದ್ದಳು. ನಾನು ಚೀಲ ಹಿಡಿದು ಮೂಲೆಯಲ್ಲಿ ಕೂತಿದ್ದೆ.

ಮಾತ್ರೆ ಶುರುವಾಯಿತು. ಅದರ ಜೊತೆಗೆ ತಪಾಸಣೆಯೂ. ದಿನಾ ಬೆಳಿಗ್ಗೆ ಅವಳನ್ನು ಕಿಟಕಿಯ ಬೆಳಕಿಗೆ ಕೂರಿಸಿ, ತಲೆ ಬಗ್ಗಿಸಿ, ಬೆರಳಿನಿಂದ ನೆತ್ತಿ ಸವರಿ ನೋಡುತ್ತಿದ್ದ. ಕಿವಿ ಮಡಚಿ ಹಿಂದೆಯೂ ನೋಡುತ್ತಿದ್ದ. ಆಗಷ್ಟೇ ಅಲ್ಲಲ್ಲಿ ನುಣುಪಾದ ಮೊಳಕೆ ಬರುತ್ತಿತ್ತು, ಬಣ್ಣ ತಿಳಿಯುತ್ತಿರಲಿಲ್ಲ.

"ನನಗೇನೋ ಕಪ್ಪು ಅನ್ನಿಸ್ತಿದೆ. ನೀನು ಉಪ್ಪುನೀರು ಕಣೇ."

"ಬೆಳಿಗ್ಗೆ ಎದ್ದು ಇದೇನಾ ಮಾತು?"

"ಇದ್ದದ್ದು ಹೇಳಿದೆ. ಯಾರಾದ್ರೂ ಉಪ್ಪುನೀರಾಗಲೇಬೇಕಲ್ಲ."

ಆಮೇಲಾಮೇಲೆ ಅವನ ನಡತೆಯೂ ಹಾಗೇ ಆಯಿತು. ಅವಳು ಕರೆದರೆ ತಿರುಗುತ್ತಿರಲಿಲ್ಲ. ಅವಳ ಹಾಸಿಗೆಯನ್ನು ಹಿಂದಿನ ಕೋಣೆಗೆ ಹಾಕಿಸಿದ. ಅಲ್ಲಿ ಗಾಳಿ ಚೆನ್ನಾಗಿದೆ ಎಂದ. ಹೊದಿಕೆ ಬದಲಾಯಿಸಿದ, ನೀರಿಟ್ಟ, ಅಷ್ಟೇ. ಬೀದಿಯವರು ಹೇಗಿದ್ದಾಳೆ ಎಂದು ಕೇಳಿದರೆ, ಅವಳಿಗೆ ಕೇಳಿಸುವ ಹಾಗೆಯೇ, "ಅವಳು ಬರೀ ಲೆಕ್ಕಕ್ಕೆ ಇರೋಳು," ಎನ್ನುತ್ತಿದ್ದ. ಅವಳು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಆ ಚುರುಕು ನಾಲಿಗೆ ಒಣಗಿಹೋಯಿತು. ಒಂದು ದಿನ ನನ್ನನ್ನು ಕೇಳಿದಳು. "ಅಕ್ಕ, ಹೆಂಡ್ತಿ ಅಲ್ಲದಿದ್ರೆ ಬೇಡ, ಔಷಧಿ ಕೊಟ್ಟ ಇಲಿ ಅಂತಾದ್ರೂ ನನ್ನ ನೋಡಬಾರದಾ ಇವರು?"

ಹೀಗೆ ಇರುವಾಗ ಕೂದಲು ಬೆರಳಿಗೆ ಸಿಗುವಷ್ಟು ಬೆಳೆಯಿತು. ಬೆಳ್ಳಗೆ, ಹತ್ತಿಯ ಹಾಗೆ.

ಇಲಿಯಪ್ಪ ಕಿಟಕಿಯ ಹತ್ತಿರ ಕೂಗಿದ ಕೂಗಿಗೆ ನಾನು ಒಲೆ ಆರಿಸಿ ಓಡಿದೆ. ಅವನು ಅವಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬೆಳಕಿಗೆ ತಿರುಗಿಸುತ್ತಿದ್ದ.

"ಬಿಳಿ ಅತ್ತಿಗೆ! ನೋಡಿ ಇಲ್ಲಿ! ಬುಡದಿಂದಲೇ ಬಿಳಿ! ಇವಳು ಔಷಧಿಯವಳು! ನನ್ನ ಇಲಿಗಳ ಪಕ್ಕೆ ಹೀಗೇ, ಇದೇ ಬಣ್ಣ!"

ಅವನ ಕಣ್ಣಲ್ಲಿ ನೀರು. ಆ ಹೂವೆತ್ತುವ ಕೈಯನ್ನು ನಾನು ಮೊದಲ ಸಲ ನೋಡಿದೆ. ನನಗೆ ಸುಮ್ಮನಿರಲಾಗಲಿಲ್ಲ.

"ಅಪ್ಪಾ, ಇವಳದು ಮೊದಲಿಂದಲೂ ಬಿಳೀನೇ. ಬಣ್ಣ ಹಚ್ತಿದ್ಲು. ಈಗ ಹಚ್ಚಿಲ್ಲ, ಬಿಳಿ ಬಂದಿದೆ. ಅದನ್ನೇ ನಂಬ್ಕೊಂಡು ಕೂರಬೇಡ."

ಓರಗಿತ್ತಿ ತಲೆ ಎತ್ತಿದಳು. ಅಷ್ಟು ದಿನ ಸತ್ತಂತಿದ್ದ ಮುಖಕ್ಕೆ ಎಲ್ಲಿಂದ ರಕ್ತ ಬಂತೋ.

"ಸುಳ್ಳು! ನನ್ನ ತಲೇಲಿ ಒಂದು ಬಿಳಿ ಎಳೆ ಇದ್ದಿದ್ರೆ ಕೇಳಿ. ಗಂಡ ಸತ್ತೋರಿಗೆ ಇನ್ನೊಬ್ಬರ ಗಂಡ ತಲೆ ನೇವರಿಸಿದ್ರೆ ಉರಿಯುತ್ತೆ ರೀ, ಅದಕ್ಕೇ ಹೀಗೆ."

ಆ ಮಾತು ನನ್ನನ್ನು ಎಲ್ಲಿ ಮುಟ್ಟಬೇಕೋ ಅಲ್ಲಿ ಮುಟ್ಟಿತು. ಇಲಿಯಪ್ಪ ನನ್ನ ಕಡೆ ತಿರುಗಿ, "ಅತ್ತಿಗೆ, ನಿಮಗೆ ಗೊತ್ತಿಲ್ಲದ ವಿಷಯಕ್ಕೆ ಬಾಯಿ ಹಾಕಬೇಡಿ. ಒಲೆ ನೋಡ್ಕೊಳ್ಳಿ," ಎಂದ. ನಾನು ಹೋಗಿ ಒಲೆ ಹಚ್ಚಿದೆ.

ಆವತ್ತಿನಿಂದ ಮನೆಯೇ ಬೇರೆಯಾಯಿತು. ಹಾಸಿಗೆ ಮುಂದಿನ ಕೋಣೆಗೆ ಬಂತು. ಮೆತ್ತನೆಯ ಕುರ್ಚಿ ಬಂತು. ಅವನೇ ಹಣ್ಣು ಹೆಚ್ಚಿ, ಸಿಪ್ಪೆ ತೆಗೆದು, ಬಾಯಿಗಿಡುತ್ತಿದ್ದ. ಇಲಿಮನೆಯ ಗೆಳೆಯರಿಬ್ಬರನ್ನು ಕರೆತಂದು ಅವಳ ತಲೆ ತೋರಿಸಿದ. ಅವರು ಬಗ್ಗಿ, ಹುಬ್ಬೇರಿಸಿ, "ಹೌದು ಗುರುವೇ, ಅದೇ ಬಿಳಿ," ಎಂದರು. ಒಬ್ಬ ಅಭ್ಯಾಸಬಲದಿಂದ ಅವಳ ಕತ್ತಿನ ಹಿಂದಿನ ಚರ್ಮವನ್ನು ಎರಡು ಬೆರಳಲ್ಲಿ ಹಿಡಿಯಲು ಹೋಗಿ ಕೈ ಹಿಂದಕ್ಕೆಳೆದುಕೊಂಡ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಮದುವೆಯಾದ ಹೊಸದರಲ್ಲೂ ಅವಳು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಕಂಡಿರಲಿಲ್ಲ.

ಡಾಕ್ಟರಮ್ಮನಿಗೂ ಅವನು ಕೂದಲಿನ ವಿಷಯ ಹೇಳಿದನಂತೆ. "ಇಲಿ ಬೇರೆ ಮನುಷ್ಯ ಬೇರೆ, ಅದನ್ನು ತಲೆಗೆ ಹಚ್ಕೋಬೇಡಿ," ಎಂದಳಂತೆ ಅವಳು. "ಹೇಳೋ ಹಾಗಿಲ್ಲವಲ್ಲ ಪಾಪ, ಅದಕ್ಕೇ ಹಾರಿಸ್ತಾಳೆ," ಎಂದು ಅವನು ಮನೆಗೆ ಬಂದು ಕಣ್ಣು ಮಿಟುಕಿಸಿದ.

ಬೆನ್ನುನೋವು ಬಂದದ್ದು ಆ ಸಂತೋಷದ ನಡುವೆಯೇ. ಮೊದಲು ನಾನೇ ಕಂಡೆ. ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿಯುತ್ತಿದ್ದಳು. ಕುರ್ಚಿಯಿಂದ ಏಳುವಾಗ ತುಟಿ ಕಚ್ಚುತ್ತಿದ್ದಳು. ಕೇಳಿದರೆ, "ಕೂತೂ ಕೂತೂ ಹಿಡ್ಕೊಂಡಿದೆ," ಎಂದಳು. ಕೆಲವು ದಿನ ಕಳೆದ ಮೇಲೆ ಇಲಿಯಪ್ಪನಿಗೂ ಕಂಡಿತು. ಅವನು ಬಾಗಿಲಲ್ಲಿ ನಿಂತು ಅವಳು ಗೂನು ಬೆನ್ನಲ್ಲಿ ನಡೆಯುವುದನ್ನು ನೋಡಿದ. ಅವನ ಮುಖ ಬಿಳಿಚಿಕೊಂಡಿತು. ಗೂನಾದ ಬೆನ್ನು ಎಂದರೆ ಏನೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

"ನೆಟ್ಟಗೆ ನಡಿ," ಎಂದ.

"ಆಗಲ್ಲ ರೀ, ಚುಚ್ಚುತ್ತೆ."

"ಔಷಧಿ ಕೆಲಸ ಮಾಡೋವಾಗ ಚುಚ್ಚುತ್ತೆ. ಅಲ್ಲಿ ಮಾತ್ರ ಬಾಯಿ ಬಿಡಬೇಡ. ನೋವು ಅಂದ ತಕ್ಷಣ ಫೋಟೋ ತೆಗೀತಾರೆ. ಫೋಟೋದಲ್ಲಿ ಏನಾದ್ರೂ ನೆರಳು ಕಂಡ್ರೆ ನಿನ್ನ ಕೈಬಿಡ್ತಾರೆ. ಮಾತ್ರೆ ನಿಲ್ಲುತ್ತೆ. ಸಿಕ್ಕಿರೋ ಔಷಧೀನ ಬಾಯಿಬಡುಕತನದಿಂದ ಕಳ್ಕೋತೀಯಾ?"

"ಡಾಕ್ಟ್ರನ್ನ ಒಂದು ಮಾತು ಕೇಳಬಾರದೇನಪ್ಪ?" ಎಂದೆ ನಾನು.

"ಕೇಳಿದ್ರೆ ಗೊತ್ತಾಗುತ್ತಲ್ಲ ಅತ್ತಿಗೆ! ಹರಡಿದ ಇಲೀನ ಉಳಿಸ್ಕೊಂಡು ಮುದ್ದು ಮಾಡಿದ್ದು ಎಲ್ಲಾದರೂ ಉಂಟಾ?"

ಆಮೇಲೆ ಮನೆಯಲ್ಲಿ ಅಭ್ಯಾಸ ನಡೆಯಿತು. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಅವಳನ್ನು ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಸುತ್ತಿದ್ದ. ಅವನು ನರ್ಸಮ್ಮನ ಹಾಗೆ ಕುರ್ಚಿಯಲ್ಲಿ ಕೂತು, "ನೋವು ಇದೆಯೇನಮ್ಮಾ?" ಎನ್ನುವನು. ಅವಳು, "ಏನೂ ಇಲ್ಲ ಸಿಸ್ಟರ್," ಎನ್ನಬೇಕು. "ಮುಖ ಸಿಂಡರಿಸಬೇಡ. ಇನ್ನೊಂದ್ಸಲ. ಬಾ." ಅವಳ ಹಣೆಯಲ್ಲಿ ಬೆವರು ಹರಿಯುತ್ತಿತ್ತು. ಅಂಗಡಿಯಲ್ಲಿ ಕಲಿತ ನಗು ಉಪಯೋಗಕ್ಕೆ ಬಂತು. ಇಳಿಯುವ ಬೆವರಿನ ಮಧ್ಯೆಯೇ ಆ ನಗು ಹಾಕಿಕೊಂಡು, "ಏನೂ ಇಲ್ಲ ಸಿಸ್ಟರ್," ಎನ್ನುವಳು. "ಶಹಭಾಸ್," ಎಂದು ಅವನು ಹಣ್ಣಿನ ತುಂಡು ಬಾಯಿಗಿಡುವನು.

ಮುಂದಿನ ಭೇಟಿಗೆ ನಾನೂ ಹಟ ಮಾಡಿ ಹೋದೆ. ಇಲಿಯಪ್ಪ ತೂಕದ ಯಂತ್ರದ ಹತ್ತಿರ ಇದ್ದಾಗ ನರ್ಸಮ್ಮನಿಗೆ ಹೇಳಿಯೇಬಿಟ್ಟೆ. "ತಾಯಿ, ಇವಳಿಗೆ ಬೆನ್ನು ತುಂಬ ನೋಯ್ತಿದೆ. ಇವಳು ಹೇಳಲ್ಲ. ಸ್ವಲ್ಪ ನೋಡಿ."

ನರ್ಸಮ್ಮ ಪೆನ್ನು ಹಿಡಿದು ಅವಳ ಮುಖ ನೋಡಿದಳು. ಓರಗಿತ್ತಿ ನನ್ನ ಭುಜದ ಮೇಲೆ ಕೈ ಹಾಕಿ, ಫ್ರೇಮ್ ಮಾರುವ ನಗುವಿನಲ್ಲಿ, "ನಮ್ಮಕ್ಕನಿಗೆ ವಯಸ್ಸಾಯ್ತು ಸಿಸ್ಟರ್. ಅವರ ಬೆನ್ನುನೋವನ್ನ ಸಿಕ್ಕಿದವರಿಗೆಲ್ಲ ಹಂಚ್ತಾರೆ. ಮೊನ್ನೆ ಹಾಲಿನವಳಿಗೂ ಕೊಟ್ಟರು," ಎಂದಳು. ನರ್ಸಮ್ಮ ನಕ್ಕಳು. ನನ್ನ ಭುಜದ ಮೇಲಿದ್ದ ಆ ಕೈಯನ್ನು ಹೊರಗಿನಿಂದ ನೋಡಿದವರು ಪ್ರೀತಿಯದೆಂದು ತಿಳಿಯಬೇಕು. ಬೀಳದಿರಲು ಅವಳು ಪೂರ್ತಿ ಭಾರ ಬಿಟ್ಟಿದ್ದಳು.

ಹೊರಗೆ ಬಂದ ಮೇಲೆ ನಾನು ಕೇಳಿದೆ. "ಯಾಕೆ ಹೀಗೆ ಮಾಡ್ತೀಯೇ? ಸಾಯ್ತೀಯ."

"ಅಕ್ಕ," ಎಂದಳು, ಮೆಲ್ಲಗೆ. "ಬಣ್ಣದ ವಿಷಯ ನೀವು ಹೇಳಿದ್ದು ನಿಜ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಆದ್ರೆ ಮಾತ್ರೆ ಔಷಧೀದೇ ಇದ್ದಿರಲೂಬಹುದಲ್ಲ? ಅರ್ಧಕ್ಕರ್ಧ ಇದೆ. ಅವರು ನನಗೆ ಹಣ್ಣು ಹೆಚ್ಚಿ ಕೊಡ್ತಾರೆ ಅಕ್ಕ. ಹಿಂದಿನ ಕೋಣೆಗೆ ಮತ್ತೆ ಹೋಗಲಾರೆ."

ಮುಂದಿನ ಫೋಟೋದ ದಿನ ಬಂದಾಗ ಇಲಿಯಪ್ಪ ಫೋನ್ ಮಾಡಿ ಅವಳಿಗೆ ನೆಗಡಿ ಜ್ವರ ಎಂದು ಹೇಳಿ ಮುಂದಕ್ಕೆ ಹಾಕಿಸಿದ. ಆ ಮುಂದಕ್ಕೆ ಹಾಕಿದ ದಿನ ಬರುವ ಮೊದಲೇ ಒಂದು ಬೆಳಿಗ್ಗೆ, ಕಿಟಕಿಯ ಹತ್ತಿರದ ಕುರ್ಚಿಯಿಂದ ಎದ್ದವಳು ಹಾಗೇ ಕುಸಿದಳು. ನೋವಾಗಿ ಅಲ್ಲ. ಕಾಲು ಇರುವುದೇ ತಿಳಿಯಲಿಲ್ಲವಂತೆ. ಇಲಿಯಪ್ಪ ಅವಳ ಪಾದ ಗಿಲ್ಲಿದ, ತೊಡೆ ಗಿಲ್ಲಿದ. "ಗಿಲ್ಲಿದ್ದು ಗೊತ್ತಾಗ್ತಿದೆಯಾ?" ಎಂದ. "ಯಾವಾಗ ಗಿಲ್ಲಿದ್ರಿ?" ಎಂದಳು.

ಆಸ್ಪತ್ರೆಯಲ್ಲಿ ಫೋಟೋ ತೆಗೆದರು. ಬೆನ್ನುಮೂಳೆಯ ಎರಡು ಮಣಿಗಳನ್ನು ಕಾಯಿಲೆ ತಿಂದುಹಾಕಿತ್ತು. ಒಳಗಿನ ನರ ಜಜ್ಜಿಹೋಗಿತ್ತು. ಡಾಕ್ಟರಮ್ಮ ಆ ಫೋಟೋವನ್ನು ಬೆಳಕಿನ ಹಲಗೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ನೋವು ಯಾವಾಗಿಂದ ಇತ್ತು?"

ಇಲಿಯಪ್ಪ ಫೋಟೋದ ಕಡೆ ತಿರುಗಿದ. ಹೇಳಿದ್ದು ನಾನು. "ಕೂದಲು ಬಂದಾಗಿನಿಂದ."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಮಾತ್ರೆ ನಿಲ್ಲಿಸಿ ಕಳಿಸ್ತಿದ್ರಿ ಮೇಡಂ," ಎಂದ ಅವನು. "ಸಿಕ್ಕಿದ್ದ ಔಷಧಿ ಹೋಗ್ತಿತ್ತು."

ಡಾಕ್ಟರಮ್ಮ ಅವನನ್ನು ನೋಡಿದ ನೋಟವನ್ನು ನಾನು ಇನ್ನೂ ಮರೆತಿಲ್ಲ. ಅದರಲ್ಲಿ ಸಿಟ್ಟಿರಲಿಲ್ಲ.

"ಯಾರು ಹೇಳಿದ್ರು ಕಳಿಸ್ತೀವಿ ಅಂತ? ಹರಡಿದ್ದು ಕಂಡ ದಿನವೇ ಯಾರಿಗೆ ಯಾವ ಮಾತ್ರೆ ಅಂತ ತೆರೆದು ನೋಡ್ತೀವಿ. ಖಾಲಿ ಮಾತ್ರೆ ತಗೋತಿದ್ರೆ ಆವತ್ತಿಂದಲೇ ನಿಜವಾದ ಔಷಧಿ ಕೊಡ್ತೀವಿ. ಅವರಿಗೆ ಮೋಸ ಆಗಬಾರದು ಅಂತಲೇ ಮಾಡಿದ ನಿಯಮ ಅದು. ಮೊದಲ ದಿನವೇ ಹೇಳೋಕೆ ಬಂದೆ. ನೀವು ಗೊತ್ತು ಗೊತ್ತು ಅಂದ್ರಿ."

"ಆದ್ರೆ ಇವಳು ಔಷಧಿಯವಳು ಮೇಡಂ. ಕೂದಲು ಬಿಳಿ ಆಗಿದೆ."

ಡಾಕ್ಟರಮ್ಮ ಆವತ್ತು ತೆರೆದು ನೋಡಿದಳು. ಓರಗಿತ್ತಿ ತಗೊಂಡದ್ದೆಲ್ಲ ಖಾಲಿ ಮಾತ್ರೆ.

"ಹಾಗಾದ್ರೆ ಈಗ ಕೊಡಿ," ಎಂದ ಇಲಿಯಪ್ಪ. ಅಂಗಲಾಚಲು ಅವನಿಗೆ ಬರುತ್ತಿರಲಿಲ್ಲ. ಅಂಗಡಿಯವನಿಗೆ ಹೇಳಿದ ಹಾಗೆ ಹೇಳಿದ.

"ಎದ್ದು ಓಡಾಡೋ ಶಕ್ತಿ ಇರೋರಿಗೆ ಮಾತ್ರ ಕೊಡಬಹುದು. ನಿಯಮ ಹಾಗಿದೆ. ಬೆನ್ನಿಗೆ ಕಿರಣ ಕೊಡ್ತೀವಿ, ನೋವು ಕಡಿಮೆ ಆಗುತ್ತೆ. ಕಾಲು ಬರುತ್ತೆ ಅಂತ ಆಸೆ ಇಟ್ಕೋಬೇಡಿ." ಅವಳು ಫೋಟೋವನ್ನು ಲಕೋಟೆಗೆ ಹಾಕಿದಳು. "ಮೊದಲ ನೋವಿಗೇ ಬಂದಿದ್ರೆ ನಡ್ಕೊಂಡೇ ಬಂದು ತಗೋತಿದ್ರು."

ನಾವು ಅವಳನ್ನು ಮನೆಗೆ ತಂದೆವು. ಹಾಸಿಗೆ ಮುಂದಿನ ಕೋಣೆಯಲ್ಲೇ ಉಳಿಯಿತು, ಏಕೆಂದರೆ ನೋಡಲು ಬರುವವರಿಗೆ ಹಿಂದಿನ ಕೋಣೆ ಇಕ್ಕಟ್ಟು. ಇಲಿಯಪ್ಪ ಆಸ್ಪತ್ರೆಯಲ್ಲಿ ಕೇಳಿದ್ದನ್ನು ಯಾರಿಗೂ ಹೇಳಲಿಲ್ಲ. ಬಂದವರು ಅವಳ ಬೆಳ್ಳನೆಯ ತಲೆ ನೋಡಿ, "ಅಂಥ ಔಷಧಿ ಸಿಕ್ಕಿಯೂ ಹೀಗಾಯ್ತಲ್ಲ. ಇಲಿಯಪ್ಪ ಪಾಪ ಏನೂ ಕಡಿಮೆ ಮಾಡಲಿಲ್ಲ. ಹಣೆಬರಹ," ಎನ್ನುತ್ತಿದ್ದರು. ಅವನು ತಲೆ ಬಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ.

ಅವಳಿಗೂ ಯಾರೂ ಹೇಳಿರಲಿಲ್ಲ. ಆದರೆ ಅವಳೇನು ದಡ್ಡಿಯೇ? ಒಂದು ಮಧ್ಯಾಹ್ನ ನಾನು ಮೈ ಒರೆಸುವಾಗ ಕೇಳಿದಳು. "ಉಪ್ಪುನೀರು ತಾನೆ ಅಕ್ಕ?"

ನಾನು ಸುಳ್ಳು ಹೇಳಲಿಲ್ಲ. ನಿಯಮದ ವಿಷಯವನ್ನೂ ಹೇಳಿದೆ. ನೋವೆಂದು ಒಂದು ಮಾತು ಆಡಿದ್ದರೆ ಔಷಧಿ ಸಿಗುತ್ತಿತ್ತು ಎಂಬುದನ್ನೂ. ಅವಳು ಚಾವಣಿ ನೋಡುತ್ತಾ ಮಲಗಿದ್ದಳು. ಆಮೇಲೆ ನಗಲು ಶುರುಮಾಡಿದಳು. ಸೊಂಟದ ಕೆಳಗೆ ಏನೂ ಅಲುಗದೆ ಮೇಲಿನ ಅರ್ಧ ಮಾತ್ರ ನಕ್ಕಿತು.

"ಅಕ್ಕ, ಅಂಗಡಿಯ ನನ್ನ ಚೀಲ ಅಟ್ಟದ ಮೇಲಿದೆ. ಅದರಲ್ಲಿ ಬಣ್ಣದ ಡಬ್ಬಿ ಇರಬೇಕು. ಕಪ್ಪು ಮಾಡಿ."

"ಈಗ ಯಾಕೇ?"

"ಬಂದವರೆಲ್ಲ ಬಿಳಿ ನೋಡಿ ಅವರನ್ನ ಹೊಗಳ್ತಾರೆ. ಕಪ್ಪು ಮಾಡಿ. ನನಗೆ ಏನೂ ಸಿಗಲಿಲ್ಲ ಅಂತ ಎಲ್ಲರಿಗೂ ಕಾಣಲಿ."

ನಾನು ಬಟ್ಟಲಲ್ಲಿ ಕಲಸಿ, ಹಳೆಯ ಬ್ರಷ್ಷಿನಲ್ಲಿ ಹಚ್ಚಿದೆ. ಸಂಜೆ ಇಲಿಯಪ್ಪ ಬಂದಾಗ ಅವಳು ದಿಂಬಿಗೊರಗಿ ಕೂತಿದ್ದಳು. ತಲೆ ಕಾಗೆಯಷ್ಟು ಕಪ್ಪು. ಅವನು ಹೊಸ್ತಿಲಲ್ಲೇ ನಿಂತ. ಅವನ ಹಿಂದೆ ಪಕ್ಕದ ಮನೆಯವಳು ಹಣ್ಣು ಹಿಡಿದುಕೊಂಡು ಬಂದಿದ್ದಳು.

"ಬನ್ನಿ ಬನ್ನಿ," ಎಂದಳು ಓರಗಿತ್ತಿ. ಹಳೆಯ ನಾಲಿಗೆ ಮರಳಿತ್ತು. "ಇದು ನನ್ನ ನಿಜವಾದ ಬಣ್ಣ. ಔಷಧಿ ಸಿಗದ ಇಲಿಯ ಬಣ್ಣ. ಇವರನ್ನೇ ಕೇಳಿ, ಪಕ್ಕೆ ನೋಡಿದ್ರೆ ಹೇಳ್ತಾರೆ. ಅಲ್ವೇನ್ರೀ? ಹರಡಿದ ಇಲೀನ ಆವತ್ತೇ ಮುಗಿಸ್ತೀರಲ್ಲ, ನರಳೋಕೆ ಬಿಟ್ರೆ ಉಗೀತಾರೆ ಅಂತ. ನನ್ನ ಯಾಕೆ ಇಟ್ಕೊಂಡಿದೀರಿ? ನನಗೆ ಡಬ್ಬಿ ಇಲ್ವಾ?"

ಪಕ್ಕದ ಮನೆಯವಳು ಹಣ್ಣನ್ನು ನೆಲದ ಮೇಲಿಟ್ಟು ಹೊರಟುಹೋದಳು. ಇಲಿಯಪ್ಪ ಚಪ್ಪಲಿ ಬಿಡುವುದನ್ನೂ ಮರೆತು ನಿಂತಿದ್ದ.

ಆಮೇಲೆ ಬದುಕಿದ್ದಷ್ಟು ದಿನ ಅವಳು ಬಂದವರಿಗೆಲ್ಲ ತಲೆ ತೋರಿಸಿದಳು. ಕಿರಣದಿಂದ ನೋವು ಸ್ವಲ್ಪ ತಗ್ಗಿತು, ಬಾಯಿ ತಗ್ಗಲಿಲ್ಲ. ಬುಡದಲ್ಲಿ ಬಿಳಿ ಇಣುಕಿದರೆ ಸಾಕು, "ರೀ, ಡಬ್ಬಿ ತನ್ನಿ," ಎಂದು ಅವನನ್ನೇ ಕೂಗುವಳು. ಇಲಿಮನೆಯ ಕೈಗವಸು ಹಾಕಿಕೊಂಡು ಅವನು ಹಚ್ಚುತ್ತಿದ್ದ, ಎಳೆ ಎಳೆ ಬಿಡಿಸಿ, ಒಂದು ಹನಿಯೂ ಹಣೆಗಿಳಿಯದ ಹಾಗೆ. "ನರ್ಸಮ್ಮನ ಹಾಗೆ ಕೇಳ್ರೀ," ಎನ್ನುವಳು. ಅವನು ಬಾಯಿ ತೆರೆಯದಿದ್ದರೆ ಅವಳೇ ಕೇಳಿಕೊಂಡು, ಅವಳೇ ಹೇಳುವಳು. "ನೋವು ಇದೆಯೇನಮ್ಮಾ? ಏನೂ ಇಲ್ಲ ಸಿಸ್ಟರ್." ಆ ನಗುವನ್ನು ಕೇಳಲಾರದೆ ನಾನು ಹಿತ್ತಲಿಗೆ ಹೋಗುತ್ತಿದ್ದೆ.

ಕೊನೆಯ ವಾರ ಅವಳಿಗೆ ಎಚ್ಚರವಿರಲಿಲ್ಲ, ಹಚ್ಚು ಎನ್ನುವವರೂ ಇರಲಿಲ್ಲ. ಹೋದದ್ದು ಬೆಳಗಿನ ಹೊತ್ತು. ತೊಳೆದು, ಬಟ್ಟೆ ಉಡಿಸಿ, ತಲೆ ಬಾಚುವಾಗ ನೋಡಿದೆ. ಬೈತಲೆಯ ಎರಡೂ ಕಡೆ ಬೆಳ್ಳನೆಯ ಗೆರೆ. ಹೊರಗೆ ಬೀದಿಯವರು, ಅಂಗಡಿಯವರು, ಇಲಿಮನೆಯ ಗೆಳೆಯರಿಬ್ಬರು ಸೇರಿದ್ದರು. ಡಾಕ್ಟರಮ್ಮನೂ ಬರುತ್ತಾಳೆಂದು ಸುದ್ದಿ ಬಂದಿತ್ತು.

ನಾನು ಡಬ್ಬಿ ತೆಗೆದುಕೊಂಡು ಬಂದೆ. ಇಲಿಯಪ್ಪ ಅಡ್ಡ ನಿಂತ.

"ಇವತ್ತೊಂದು ದಿನ ಬೇಡ ಅತ್ತಿಗೆ," ಎಂದ. "ಜನ ನೋಡ್ತಾರೆ. ಬಿಳಿ ಸ್ವಲ್ಪ ಕಾಣಲಿ. ಬಿಟ್ಟುಬಿಡಿ."

ನಾನು ಅವನ ಮುಖ ನೋಡಿದೆ. ನಾನೇ ಎತ್ತಿ ಆಡಿಸಿದ ಮೈದುನ. ಒಲೆ ನೋಡ್ಕೊಳ್ಳಿ ಎಂದಿದ್ದ. ಮಾತಾಡದೆ ಬಟ್ಟಲಲ್ಲಿ ಕಲಸಿದೆ. ಕಲಸಿದ ಬಟ್ಟಲನ್ನು ಅವನ ಕೈಗೇ ಕೊಟ್ಟೆ.

"ನೆಟ್ಟಗೆ ಹಿಡ್ಕೋ," ಎಂದೆ. "ಚೆಲ್ಲೀತು."

ಅವನು ಹಿಡಿದುಕೊಂಡು ನಿಂತ. ನಾನು ಬ್ರಷ್ಷು ಅದ್ದಿ, ಬೈತಲೆಯಿಂದ ಶುರುಮಾಡಿದೆ. ಹೊರಗೆ ಯಾರೋ, "ಇನ್ನೂ ಎಷ್ಟು ಹೊತ್ತು?" ಎಂದರು. ಬಣ್ಣ ಹಿಡಿಯುವಷ್ಟು ಹೊತ್ತು ಕಾಯಲಿ ಎಂದೆ.